ಪ್ರಾಜೆಕ್ಟ್ ಮಾಡಿದ್ದು ಜೆರಾಕ್ಸ್ ಅಂಗಡಿ

ಮಾನ್ಯರೇ,

ನನ್ನ ಮೊಮ್ಮಗಳು ಈ ವರ್ಷ ಐದನೇ ತರಗತಿ. ಸಂಜೆ ಅವಳ ಹೋಮ್‌ವರ್ಕ್‌ಗೆ ಜೊತೆ ಕೂರುವುದು ನನ್ನ ಕೆಲಸ. ಕಂಡಕ್ಟರ್ ಆಗಿದ್ದು ನಿವೃತ್ತನಾದವನು ನಾನು, ಬೇರೆ ಕೆಲಸವೂ ಇಲ್ಲ. ಜೂನ್‌ನಿಂದ ಅವಳ ಪುಸ್ತಕಗಳನ್ನು ನಾನೂ ಓದುತ್ತಿದ್ದೇನೆ. ಸುಮ್ನೆ ಹೊಗಳುತ್ತಿಲ್ಲ, ಪಾಠಗಳು ಚೆನ್ನಾಗಿವೆ. ಪರಿಸರ ಅಧ್ಯಯನದಲ್ಲಿ ನೀರು, ಬೇಸಾಯ. ಗಣಿತದಲ್ಲಿ ಭಿನ್ನರಾಶಿ, ಸುತ್ತಳತೆ. ಇಂಗ್ಲಿಷ್ ಮಾತ್ರ ನನ್ನ ಕೈಲಾಗದು, ಅದನ್ನು ಅವಳಮ್ಮ ನೋಡಿಕೊಳ್ಳುತ್ತಾಳೆ.

ಭಿನ್ನರಾಶಿ ಹೇಳಿಕೊಡಲು ನನಗೆ ಹಾಫ್ ಟಿಕೆಟ್ ಸಾಕಾಯಿತು. ಮೂರು ಫುಲ್, ಮೂರು ಹಾಫ್, ಒಟ್ಟು ಎಷ್ಟು ಫುಲ್ಲಿನ ದುಡ್ಡು? ಥಟ್ಟನೆ ನಾಲ್ಕೂವರೆ ಅಂದಳು. ಆಮೇಲೆ, 'ನನಗೆ ಹಾಫೂ ಇಲ್ಲ ತಾತ, ಫ್ರೀ' ಅಂದಳು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಉದಾಹರಣೆ ಹಳತಾಗಿದೆ ಅಂತ ಹೊಳೆದಿರಲೇ ಇಲ್ಲ.

ನನ್ನ ತಕರಾರು ಪಾಠದ ಮೇಲಲ್ಲ, ಪ್ರಾಜೆಕ್ಟ್ ಮೇಲೆ. ಕಳೆದ ತಿಂಗಳು 'ನಮ್ಮ ಜಿಲ್ಲೆಯ ಶಾಸನ' ಅಂತ ಒಂದು ಕೊಟ್ಟರು. ಮರುದಿನವೇ ತರಬೇಕು. ರಾತ್ರಿ ಎಂಟಕ್ಕೆ ಜೆರಾಕ್ಸ್ ಅಂಗಡಿಗೆ ಓಡಿದರೆ ಅವಳ ಕ್ಲಾಸಿನ ಮಕ್ಕಳ ಅಪ್ಪಂದಿರೆಲ್ಲ ಅಲ್ಲೇ ನಿಂತಿದ್ದರು. ನಾನು ಬಾಯಿ ಬಿಡುವ ಮೊದಲೇ ಅಂಗಡಿ ಹುಡುಗ 'ಹಲ್ಮಿಡಿ ತಾನೇ?' ಅಂದ. ಎಲ್ಲರಿಗೂ ಅದೇ ಚಿತ್ರ, ಅದೇ ನಾಲ್ಕು ಪುಟ. ಕಲರ್ ಪ್ರಿಂಟ್, ಬೈಂಡಿಂಗ್ ಸೇರಿ 80 ರೂಪಾಯಿ. ಮೊಮ್ಮಗಳು ಅದರ ಮೇಲೆ ಬರೆದದ್ದು ಹೆಸರು ಮತ್ತು ರೋಲ್ ನಂಬರ್. 'ಗುಡ್' ಬಂತು. ಅದು ಅಂಗಡಿ ಹುಡುಗನಿಗೆ ಸೇರಬೇಕಾದದ್ದು, ಅಲ್ವಾ?

ಹಲ್ಮಿಡಿ ಇರುವುದು ನಮ್ಮ ಬೇಲೂರು ತಾಲ್ಲೂಕಿನಲ್ಲೇ. ಶಾಸನ ಕ್ರಿ.ಶ. 450ರ ಸುಮಾರಿನದು, ಬರೀ 16 ಸಾಲು. 1936ರಲ್ಲಿ ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ ಅವರು ಪತ್ತೆ ಮಾಡಿದ್ದು. ಮೂಲ ಕಲ್ಲು ಮೈಸೂರು ಸೇರಿದೆ, ಊರಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಎತ್ತರ ಸುಮಾರು ನಾಲ್ಕು ಅಡಿ, ಹೆಚ್ಚುಕಡಿಮೆ ಈ ಮಕ್ಕಳಷ್ಟೇ. ಅದರ ಎದುರು ಕೂತು ಒಂದು ಸಾಲನ್ನು ಕಂಡ ಹಾಗೆ ಬಿಡಿಸಿಕೊಂಡು ಬಂದಿದ್ದರೂ ಸಾಕಿತ್ತು. ಅಕ್ಷರ ಸೊಟ್ಟ ಬರಲಿ ಬಿಡಿ.

ಸುತ್ತಳತೆ ಪಾಠಕ್ಕೆ ನಾವಿಬ್ಬರೂ ಒಂದು ಭಾನುವಾರ ಚೆನ್ನಕೇಶವ ಗುಡಿಗೆ ಹೋದೆವು. ಜಗತಿಯ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ, ಅಂಚಿನಲ್ಲೇ ಹೆಜ್ಜೆ ಎಣಿಸುತ್ತಾ ನಡೆದೆವು. ನಕ್ಷತ್ರದ ಆಕಾರ, ಮೂಲೆ ಮೂಲೆಗೂ ತಿರುಗಬೇಕು. ಎರಡು ಸಲ ಎಣಿಕೆ ತಪ್ಪಿತು. 'ನೆಟ್ಟಗೆ ಕಟ್ಟಿದ್ದರೆ ಬೇಗ ಮುಗೀತಿತ್ತು' ಅಂತ ಗೊಣಗಿದಳು. ಆ ಮಾತಿನಲ್ಲೇ ಪಾಠ ಇತ್ತು, ನಾನು ಬೇರೆ ಏನೂ ಹೇಳಲಿಲ್ಲ.

ಜುಲೈನಲ್ಲಿ ಮಳೆ ರಜೆ ಬಂದಾಗ ನೇರ ಬದಿಯ ಒಂದು ಸ್ಟೀಲ್ ಡಬ್ಬಿಯನ್ನು ಅಂಗಳದಲ್ಲಿಟ್ಟು, ಬೆಳಿಗ್ಗೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಅಂತ ಬರೆದಿಟ್ಟಳು. ಖರ್ಚು ಸೊನ್ನೆ. ಅದಕ್ಕೆ ಮಾರ್ಕ್ಸೂ ಸೊನ್ನೆ, ಯಾಕೆಂದರೆ ಅದು ಪ್ರಾಜೆಕ್ಟ್ ಪಟ್ಟಿಯಲ್ಲಿ ಇರಲಿಲ್ಲ.

ಮೇಷ್ಟ್ರುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬುವ ಮಾಹಿತಿ, ಎರಡು ಮೂರು ತರಗತಿ ಒಬ್ಬರಿಗೇ. ಇದರ ನಡುವೆ ಅವರಾದರೂ ಏನು ಮಾಡಿಯಾರು? ಆದರೂ ಎರಡು ಮಾತು ಕೇಳುತ್ತೇನೆ. ಪ್ರಾಜೆಕ್ಟಿಗೆ ಒಂದು ವಾರ ಟೈಮ್ ಕೊಡಿ, ಪ್ರಿಂಟ್ ತಂದರೆ ತಗೊಳ್ಳಬೇಡಿ. ಮತ್ತೆ ದಸರಾ ರಜೆಗೆ ಮುಂಚೆ ಒಂದು ದಿನ ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಿ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಹುಡುಗಿಯರಿಗೆ ದುಡ್ಡಿಲ್ಲ, ಹುಡುಗರಿಗೆ ಹಾಫ್. ಲೆಕ್ಕ ಬೇಕಾದರೆ ನಾನೇ ಜೊತೆಗೆ ಬಂದು ಹಾಕಿಕೊಡುತ್ತೇನೆ.

— ನಿವೃತ್ತ ಕಂಡಕ್ಟರ್, ಬೇಲೂರು, ಹಾಸನ ಜಿಲ್ಲೆ