ಅಳಿಯನಿಗೆ, ನಿದ್ದೆಯ ವಿಷಯವಾಗಿ

ಶಿಡ್ಲಘಟ್ಟ

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಮೂರು ತಿಂಗಳ ಸರಾಸರಿ ಸಕ್ಕರೆ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ, ಬಂದಿದೆಯೆಂದೂ, ಅಂದಿನಿಂದ ಅನ್ನ ಬಿಟ್ಟು ಅರ್ಧ ಮುದ್ದೆಗೆ ನಿಂತಿರುವೆಯೆಂದೂ ನಿನ್ನ ತಾಯಿ ಹೇಳಿದಳು. ಊಟದಲ್ಲಿ ನೀನು ತೋರಿದ ಹಟ ನನಗೆ ಮೆಚ್ಚುಗೆಯಾಯಿತು. ಆದರೆ ಬೆಂಗಳೂರಿನಿಂದ ಹತ್ತಕ್ಕೆ ಬಂದು, ಹನ್ನೊಂದಕ್ಕೆ ಉಂಡು, ಒಂದರವರೆಗೆ ಮೊಬೈಲು ನೋಡಿ, ಮತ್ತೆ ಐದಕ್ಕೆಲ್ಲ ಬಸ್ಸಿಗೆಂದು ಏಳುವವನು ಮುದ್ದೆಯನ್ನು ಎಷ್ಟು ಅಳೆದು ಉಂಡರೂ ಅರ್ಧ ಪಥ್ಯವನ್ನಷ್ಟೇ ಮಾಡಿದಂತೆ.

1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರು 11 ಮಂದಿಯನ್ನು ಸತತ 6 ರಾತ್ರಿ 4 ಗಂಟೆ ಮಾತ್ರ ಮಲಗಿಸಿ ನೋಡಿದರು. ಅಷ್ಟರಲ್ಲೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಂದಿತ್ತು. ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿಯೇ ಇತ್ತು. ಅಲ್ಲಿಯದೇ 2010ರ ಇನ್ನೊಂದು ಅಧ್ಯಯನವಂತೂ ನಿನಗಾಗಿಯೇ ಮಾಡಿದಂತಿದೆ: ಒಂದೇ ಅಳತೆಯ ಪಥ್ಯದಲ್ಲಿದ್ದವರು ಎಂಟೂವರೆ ಗಂಟೆಯ ಬದಲು ಐದೂವರೆ ಗಂಟೆ ಹಾಸಿಗೆಯಲ್ಲಿದ್ದಾಗ, ತೂಕ ಅಷ್ಟೇ ಇಳಿದರೂ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆಯಾಗಿತ್ತು, ಹಸಿವು ಮಾತ್ರ ಹೆಚ್ಚಿತ್ತು.

ರೇಷ್ಮೆಹುಳು ಸಾಕಿದ ಮನೆಯಲ್ಲಿ ಹುಟ್ಟಿದವನು ನೀನು. ಜ್ವರಕ್ಕೆ ಕೂತ, ಎಂದರೆ ಪೊರೆ ಬಿಡಲು ಅಲುಗದೆ ನಿದ್ದೆಗೆ ಬಿದ್ದ, ಹುಳುವಿಗೆ ನಿನ್ನ ತಾತ ಒಂದು ಎಲೆಯನ್ನೂ ಹಾಕುತ್ತಿರಲಿಲ್ಲ, ತಟ್ಟೆಯನ್ನು ಅಲುಗಿಸಲೂ ಬಿಡುತ್ತಿರಲಿಲ್ಲ. ಅದನ್ನು ಕಂಡೂ ನಾನು ಇಪ್ಪತ್ತು ವರ್ಷ ನಡುರಾತ್ರಿ ಸೊಪ್ಪು ಹಾಕಿ, ನಸುಕಿನಲ್ಲಿ ಗೂಡಿನ ಮಾರುಕಟ್ಟೆಗೆ ಓಡಿದೆ. ನಲವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ನಿದ್ದೆಗೇಡೊಂದೇ ಕಾರಣವೆನ್ನಲಾರೆ, ಆದರೆ ಅದೂ ಒಂದು ಕಾರಣವೆಂದು ಆಗ ನನಗೆ ಯಾರೂ ಹೇಳಲಿಲ್ಲ.

ರಾತ್ರಿ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಏರಿದ ಮೇಲೆ ಸಕ್ಕರೆ ಇಳಿಸುವ ಇನ್ಸುಲಿನ್ ಸ್ರವಿಸುವುದು ತಗ್ಗುವುದರಿಂದ, ಹನ್ನೊಂದಕ್ಕೆ ಉಂಡ ಮುದ್ದೆ ಎಂಟಕ್ಕೆ ಉಂಡದ್ದಕ್ಕಿಂತ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಆದ್ದರಿಂದ ರಾತ್ರಿಯೂಟದ ಡಬ್ಬಿಯನ್ನು ಜೊತೆಯಲ್ಲೇ ಒಯ್ದು ಬಸ್ಸು ಹತ್ತುವ ಮೊದಲೇ ಉಣ್ಣು. ಮನೆಗೆ ಬಂದ ಕೂಡಲೇ ಮೊಬೈಲನ್ನು ನಡುಮನೆಯಲ್ಲಿಟ್ಟು ಮಲಗು. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ನಿನಗೆ ಆರೂವರೆ ಸಿಕ್ಕರೂ ಈಗಿನದಕ್ಕಿಂತ ಎಷ್ಟೋ ಮೇಲು. ಉಳಿದದ್ದಕ್ಕೆ ಮೇಲಧಿಕಾರಿಯ ಬಳಿ ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಕೇಳು, ಸಂಕೋಚಪಡಬೇಡ.

ನೀನು ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚುತ್ತೀಯೆಂದೂ ನಿನ್ನ ತಾಯಿ ಹೇಳಿದಳು. ಅದನ್ನು ವೈದ್ಯರಿಗೆ ತಪ್ಪದೆ ತಿಳಿಸು. ಮುಂದಿನ ಭಾನುವಾರ ನಾನೇ ಚಿಕ್ಕಬಳ್ಳಾಪುರಕ್ಕೆ ಬರುತ್ತೇನೆ, ರಕ್ತಪರೀಕ್ಷೆಯ ವರದಿಯನ್ನು ತೆಗೆದಿಟ್ಟಿರು.

ಇಂತಿ ನಿನ್ನ ಮಾವ