ಹೊಸ ಪ್ರೊಸೆಸರ್, ಅಡ್ವಾನ್ಸ್, ಅಸೆಂಬ್ಲಿ ಚಾರ್ಜ್: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ,

ಸುತ್ತಿ ಬಳಸದೆ ಹೇಳಿಬಿಡ್ತೇವೆ. 2024ರ ಡಿಸೆಂಬರ್ 1ರಿಂದ ಮಂಗಳೂರು ಹಂಪನಕಟ್ಟೆಯ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಕೊಟೇಶನ್ ಕೊಟ್ಟರೆ ಆ ರೇಟ್ ಅದೇ ದಿನಕ್ಕೆ ಮಾತ್ರ, ಎಎಂಡಿ ಕಂಪನಿಯ ಹೊಸ ಗೇಮಿಂಗ್ ಪ್ರೊಸೆಸರ್ ರೈಜೆನ್ 7 9800ಎಕ್ಸ್3ಡಿ ಬೇಕಾದವರು ಅರ್ಧ ಹಣ ಅಡ್ವಾನ್ಸ್ ಕೊಡ್ಬೇಕು, ಮತ್ತೆ ಇಷ್ಟು ವರ್ಷ ಫ್ರೀ ಮಾಡಿಕೊಡ್ತಿದ್ದ ಅಸೆಂಬ್ಲಿಗೆ, ಅಂದ್ರೆ ಬಿಡಿ ಭಾಗ ಸೇರಿಸಿ ಕಂಪ್ಯೂಟರ್ ಜೋಡಿಸುದಕ್ಕೆ, ಇನ್ನು ಜಿಎಸ್‌ಟಿ ಸೇರಿ 1,500 ರೂಪಾಯಿ ಬಿಲ್ಲಿನಲ್ಲಿ ಬೇರೆಯೇ ಬರ್ತದೆ. ಬಾಯಿಮಾತಿನಲ್ಲಿ ವ್ಯವಹಾರ ಮಾಡಿದವರು ನಾವು, ನೀವು ಸಹ. ಈಗ ಪರಿಚಯದವರ ಹತ್ರ ಅಡ್ವಾನ್ಸ್ ಕೇಳ್ಲಿಕ್ಕೆ ನಮಗೂ ಮುಜುಗರವೇ, ಬೇಜಾರಾದ್ರೆ ಕ್ಷಮೆ ಇರಲಿ. ಆದ್ರೆ ಈಚೆಗೆ ಕೌಂಟರಲ್ಲಿ, ವಾಟ್ಸಾಪಲ್ಲಿ ಕೇಳ್ತಾ ಇರುವ ಕೆಲವು ಮಾತಿಗೆ ಉತ್ತರ ಕೊಡದೆ ಇರ್ಲಿಕ್ಕೂ ಆಗುದಿಲ್ಲ.

2024ರ ನವೆಂಬರ್ 7ಕ್ಕೆ ಈ ಪ್ರೊಸೆಸರ್ ಬಿಡುಗಡೆ ಆಯ್ತು. ಅಮೆರಿಕದಲ್ಲೇ ಅದೇ ದಿನ ಸ್ಟಾಕ್ ಖಾಲಿ, ಮತ್ತೆ ಮಂಗಳೂರಲ್ಲಿ ಎಲ್ಲಿಂದ ಸಿಗುದು ಮಾರಾಯ್ರೆ? ಸುರತ್ಕಲ್ ಹಾಸ್ಟೆಲಿನ ಹುಡುಗರು, ಮಣಿಪಾಲದವರು, ದಿನಾ "ಅಣ್ಣ ಬಂತಾ, ಅಣ್ಣ ಬಂತಾ". ಇಲ್ಲ ಅಂದ್ರೆ ಒಳಗೆ ಇಟ್ಟುಕೊಂಡು ಬ್ಲಾಕಲ್ಲಿ ಮಾರ್ತಾರೆ ಅಂತ ಮಾತು. ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಕೊಡುದೇ ಲೆಕ್ಕದ ಪೀಸು, ಶಿರಾಡಿ ಘಾಟಿ ಇಳಿದು ಪಾರ್ಸೆಲ್ ಬರುವಾಗ ಅದರ ಮೇಲೆ ಮೊದಲೇ ಹೆಸರು ಬಿದ್ದಿರ್ತದೆ. ಹಾಗೆ ಹೆಸರು ಹಾಕಿಸಿದವರೇ ಫೋನ್ ತೆಗೆಯದೆ ಬೇರೆ ಕಡೆ ತಕ್ಕೊಂಡದ್ದೂ ಉಂಟು. ಅಷ್ಟು ದುಡ್ಡಿನ ಡಬ್ಬಿ ಕಪಾಟಿನಲ್ಲಿ ಇಟ್ಟು ಕೂತ್ಕೊಳ್ಳುವ ಶಕ್ತಿ ದೊಡ್ಡ ಶೋರೂಮಿಗೆ ಇರಬಹುದು, ನಮಗಿಲ್ಲ. ಅಡ್ವಾನ್ಸ್ ಅದಕ್ಕೆ.

ಇನ್ನು ಎಲ್ಲರ ಬಾಯಲ್ಲೂ ಇರುವ ಒಂದೇ ದೂರು: "ಅಮೆರಿಕದಲ್ಲಿ 479 ಡಾಲರ್, ಅಂದ್ರೆ 40 ಸಾವಿರ. ನೀವು ಯಾಕೆ 50 ಸಾವಿರದ ಹತ್ತಿರ ಹೇಳ್ತೀರಿ? 10 ಸಾವಿರ ನಿಮ್ಮ ಲಾಭವಾ?" ಇದನ್ನು ಕೇಳಿ ಕೇಳಿ ಸಾಕಾಗಿದೆ, ಹಾಗಾಗಿ ಲೆಕ್ಕ ಇಲ್ಲಿಯೇ ಬರೀತೇವೆ, ನೀವೇ ಕ್ಯಾಲ್ಕುಲೇಟರ್ ಒತ್ತಿ ನೋಡಿ. 2024ರ ನವೆಂಬರಿನ ರೇಟಿನಲ್ಲಿ ಡಾಲರಿಗೆ 84 ರೂಪಾಯಿ ಅಂತ ಹಿಡಿದ್ರೆ 479 ಡಾಲರಿಗೆ 40,236. ಸರಿ, ಇದು ನೀವು ಹೇಳುವ 40 ಸಾವಿರ. ಆದ್ರೆ ಅಮೆರಿಕದವರು ಹೇಳುವ ರೇಟಿನಲ್ಲಿ ಟ್ಯಾಕ್ಸ್ ಸೇರಿರುದಿಲ್ಲ, ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಸೇಲ್ಸ್ ಟ್ಯಾಕ್ಸ್, ಅದು ಬಿಲ್ ಮಾಡುವಾಗ ಸೇರುದು. ನಮ್ಮಲ್ಲಿ ಪ್ರೊಸೆಸರಿಗೆ ಜಿಎಸ್‌ಟಿ 18 ಪರ್ಸೆಂಟ್, ಅಂದ್ರೆ 7,242 ರೂಪಾಯಿ. ಒಟ್ಟು 47,478 ಆಯ್ತು. ಇನ್ನೂ ವಿಮಾನದ ಬಾಡಿಗೆ ಹಾಕಿಲ್ಲ, ಇಂಪೋರ್ಟರಿನ ಮಾರ್ಜಿನ್ ಹಾಕಿಲ್ಲ, ಡಿಸ್ಟ್ರಿಬ್ಯೂಟರಿಂದು ಹಾಕಿಲ್ಲ, ಬೆಂಗಳೂರಿಂದ ಇಲ್ಲಿಗೆ ಪಾರ್ಸೆಲ್ ಚಾರ್ಜ್ ಹಾಕಿಲ್ಲ, ನೀವು ಕಾರ್ಡ್ ಉಜ್ಜಿದ್ರೆ ಬ್ಯಾಂಕಿನವರು ನಮ್ಮಿಂದ ಹಿಡಿಯುದು ಬೇರೆ. ಇದೆಲ್ಲ ಕಳೆದು ನಮಗೆ ಉಳಿಯುದು ಎಷ್ಟು ಅಂತ ಗೊತ್ತಾದ್ರೆ ನೀವೇ ಒಂದು ಚಾ ಕುಡಿಸ್ತೀರಿ. ಬಿಲ್ ಬೇಡ, 18 ಪರ್ಸೆಂಟ್ ಬಿಡಿ ಅಂತ ಕೇಳುವವರಿಗೆ: ಇಲ್ಲ. ಬಿಲ್ ಇಲ್ಲದ ಪೀಸಿಗೆ ನಾಳೆ ವಾರಂಟಿ ಕೇಳ್ಲಿಕ್ಕೆ ನೀವು ಬರುದು ನಮ್ಮ ಹತ್ತಿರವೇ. ಜಿಎಸ್‌ಟಿ ನಂಬರ್ ಇರುವ ಆಫೀಸಿನವರು ನಂಬರ್ ಕೊಟ್ಟು ಬಿಲ್ ಮಾಡಿಸಿ, ಕಟ್ಟಿದ ಟ್ಯಾಕ್ಸಿಗೆ ಕ್ರೆಡಿಟ್ ಸಿಗ್ತದೆ. ಮತ್ತೆ ಆನ್‌ಲೈನಲ್ಲಿ ಎಲ್ಲಿಯಾದ್ರೂ ತುಂಬಾ ಕಮ್ಮಿ ಕಂಡ್ರೆ ಅದು ಕಂಪನಿ ಡಬ್ಬಿಯಲ್ಲಿ ಬರುವ ಬಾಕ್ಸ್ ಪೀಸಾ, ಡಬ್ಬಿ ಇಲ್ಲದೆ ಬಿಡಿಯಾಗಿ ಬರುವ ಟ್ರೇ ಪೀಸಾ ನೋಡಿ. ಬಾಕ್ಸ್ ಪೀಸಿಗೆ ಕಂಪನಿಯ ಮೂರು ವರ್ಷ ವಾರಂಟಿ, ಟ್ರೇ ಪೀಸಿಗೆ ಮಾರಿದವನನ್ನೇ ಹುಡುಕಿಕೊಂಡು ಹೋಗ್ಬೇಕು.

ಅಸೆಂಬ್ಲಿಗೆ ಯಾಕೆ ದುಡ್ಡು, ನಾಲ್ಕು ಸ್ಕ್ರೂ ತಿರುಗಿಸುದಲ್ವಾ ಅಂತ ಒಬ್ರು ಕೇಳಿದ್ರು. ಎಎಂಡಿಯ ಹಿಂದಿನ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂ4ರ ಕಾಲದಲ್ಲಿ ಪಿನ್ನು ಪ್ರೊಸೆಸರಿನ ಅಡಿಯಲ್ಲಿ ಇತ್ತು, ಈಗಿನ ಎಎಂ5ರಲ್ಲಿ ಮದರ್‌ಬೋರ್ಡಿನಲ್ಲಿ, 1,718 ಪಿನ್ನು, ಕೂದಲಿನಷ್ಟು ಸಪೂರ. ಒಂದು ಬಗ್ಗಿದ್ರೂ ಬೋರ್ಡಿನ ವಾರಂಟಿ ಹೋಯ್ತು. ಎಎಂ5ರ ಬಿ650 ಬೋರ್ಡು ಹಳೇ ಸ್ಟಾಕಿಂದಾದ್ರೆ ಈ ಪ್ರೊಸೆಸರನ್ನು ಗುರುತೇ ಹಿಡಿಯುದಿಲ್ಲ, ಮೊದಲು ಬಯಾಸ್ (ಆನ್ ಮಾಡಿದ ಕೂಡ್ಲೆ ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗ್ಬೇಕು. ಪೆನ್‌ಡ್ರೈವಿಗೆ ಫೈಲ್ ಹಾಕಿ, ಹೆಸರು ಬದಲಾಯಿಸಿ, ಬೋರ್ಡಿನ ಹಿಂದಿನ ಸಣ್ಣ ಬಟನ್ ಒತ್ತಿ, ಲೈಟ್ ಮಿಣಮಿಣ ಮಾಡುದು ನಿಲ್ಲುವವರೆಗೆ ಕಾಯುದು. ನಡುವೆ ಕರೆಂಟ್ ಹೋಗಬಾರದು, ನಮ್ಮೂರಿನ ಗುಡುಗು ಸಿಡಿಲಿನ ಸಂಜೆಯಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ನಾವು ಕೈ ಹಾಕುದೇ ಇಲ್ಲ. ಆಮೇಲೆ ಡಿಡಿಆರ್5 ರ‍್ಯಾಮ್ ಮೊದಲ ಸಲ ಟ್ರೈನ್ ಆಗುವಾಗ, ಅಂದ್ರೆ ಬೋರ್ಡಿಗೆ ಹೊಂದಿಕೊಳ್ಳುವಾಗ, ಕೆಲವು ನಿಮಿಷ ಸ್ಕ್ರೀನ್ ಪೂರ್ತಿ ಕಪ್ಪು. ಮನೆಯಲ್ಲೇ ಜೋಡಿಸಿದವರು ಅಷ್ಟರಲ್ಲಿ ಹೆದರಿ ಸ್ವಿಚ್ ಆಫ್ ಮಾಡಿ ರಾತ್ರಿ 11ಕ್ಕೆ ನಮಗೆ ಫೋನ್ ಮಾಡ್ತಾರೆ, ನಾವು ತೆಗೀತೇವೆ ಸಹ. ಬಾಕ್ಸಲ್ಲಿ ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಬರುದಿಲ್ಲ, ಅದನ್ನು ನಾವು ಕದ್ದದ್ದಲ್ಲ ಆಯ್ತಾ, ಕಂಪನಿಯೇ ಕೊಡುದಿಲ್ಲ.

ಚಿಪ್ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಇದರ ಹಿಂದಿನ 7800ಎಕ್ಸ್3ಡಿಯಲ್ಲಿ ಎಕ್ಸ್‌ಟ್ರಾ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಲೆಕ್ಕ ಮಾಡುವ ಕೋರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು, ಬಿಸಿ ಮೇಲೆ ಬರ್ಲಿಕ್ಕೆ ತಡೆ. ಈಗ ಅದನ್ನು ಕೋರಿನ ಕೆಳಗೆ ತಂದಿದ್ದಾರೆ, ಕೂಲರ್ ಕೋರಿಗೆ ಹತ್ತಿರ ಆಯ್ತು, ಬೂಸ್ಟ್, ಅಂದ್ರೆ ಗರಿಷ್ಠ ವೇಗ, 5ರಿಂದ 5.2 ಗಿಗಾಹರ್ಟ್ಸಿಗೆ ಏರಿದೆ, ಓವರ್‌ಕ್ಲಾಕಿಂಗ್ (ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುದು) ಮಾಡ್ಲಿಕ್ಕೂ ಬಿಟ್ಟಿದ್ದಾರೆ. ಇಂಟೆಲ್ 2024ರ ಅಕ್ಟೋಬರಲ್ಲಿ ತಂದ ಕೋರ್ ಅಲ್ಟ್ರಾ 200ಎಸ್ ಡೆಸ್ಕ್‌ಟಾಪ್ ಪ್ರೊಸೆಸರಿನ ಪರ ವಾದ ಮಾಡುವವರು ಈಗ ಅಂಗಡಿಯಲ್ಲಿ ಸ್ವಲ್ಪ ತಣ್ಣಗಾಗಿದ್ದಾರೆ, ಗೇಮಿಂಗ್ ವಿಷಯದಲ್ಲಿ ಮಾತ್ರ.

ಆದ್ರೆ ನಿಮಗೆ ಬೇಡದ್ದನ್ನು ನಾವು ಕಟ್ಟುದಿಲ್ಲ. ಟ್ಯಾಲಿಗೆ, ಬಿಲ್ಲಿಂಗಿಗೆ ಇದು ಬೇಕು ಅಂತ ಬಂದವರನ್ನು ಕಮ್ಮಿ ರೇಟಿನದ್ದು ಕೊಟ್ಟು ಕಳಿಸಿದ್ದೇವೆ. 4ಕೆ ಮಾನಿಟರಲ್ಲಿ ಆಡುವವರು ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ನಮ್ಮಿಂದಲೇ ಎಎಂ4ರ ಬಿ450 ಬೋರ್ಡ್ ತಕ್ಕೊಂಡವರು ಬಯಾಸ್ ಅಪ್‌ಡೇಟ್ ಮಾಡಿಸಿ 5700ಎಕ್ಸ್3ಡಿ ಪ್ರೊಸೆಸರ್ ಹಾಕಿದ್ರೆ ಬೋರ್ಡ್, ಡಿಡಿಆರ್4 ರ‍್ಯಾಮ್ ಎರಡೂ ಉಳೀತದೆ. ಎಎಂ5ಕ್ಕೆ ಬಂದವರು ಸದ್ಯ ಹೆದರ್ಬೇಕಾಗಿಲ್ಲ, ಕನಿಷ್ಠ 2027ರವರೆಗೆ ಇದೇ ಸಾಕೆಟ್ ಅಂತ ಎಎಂಡಿ ಹೇಳಿದೆ, ಹಾಗಾಗಿ ಈಗ ಸಣ್ಣದು ಹಾಕಿ ಮತ್ತೆ ದೊಡ್ಡದಕ್ಕೆ ಹೋಗ್ಲಿಕ್ಕೂ ಆಗ್ತದೆ.

ಡಿಸೆಂಬರ್ 1ಕ್ಕೆ ಮೊದಲು ಪುಸ್ತಕದಲ್ಲಿ ಹೆಸರು ಬರೆಸಿದವರಿಗೆ ಹಳೇ ಕ್ರಮವೇ, ಅಸೆಂಬ್ಲಿ ಫ್ರೀ. ನಮ್ಮಲ್ಲಿ ಕಟ್ಟಿಸಿದ ಸಿಸ್ಟಮಿಗೆ ಧೂಳು ತೆಗೆಯುದು, ಪ್ರೊಸೆಸರ್-ಕೂಲರ್ ನಡುವಿನ ಪೇಸ್ಟ್ ಬದಲಾಯಿಸುದಕ್ಕೆ ಮೊದಲಿನ ಹಾಗೆ ಏನೂ ತಕ್ಕೊಳ್ಳುದಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಮನಸ್ಸು ಬದಲಾದ್ರೆ ಪೀಸ್ ಬರುವ ಮೊದಲು ಹೇಳಿ, ಪೂರ್ತಿ ಹಣ ವಾಪಸ್. ಬಾಕ್ಸ್ ಒಡೆದ ಮೇಲೆ ಮಾತ್ರ ಕೇಳ್ಬೇಡಿ.