ಮರದ ನೆಲ ಉಬ್ಬಿದರೆ ಮೊದಲು ಬಾಗಿಲ ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನ ಫ್ಲ್ಯಾಟ್‌ಗಳಿಂದ ಒಂದೇ ಬಗೆಯ ದೂರು ಬರತೊಡಗುತ್ತದೆ: ವುಡನ್ ಫ್ಲೋರಿಂಗ್ ನಡುವೆ ಎದ್ದಿದೆ, ಕಾಲಿಟ್ಟರೆ ಪುಟಿಯುತ್ತಿದೆ. ಮನೆಯವರು ಹಲಗೆಯನ್ನು ಬೈಯುತ್ತಾರೆ, ಹಾಕಿದವರು ಮಳೆಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪಿರುವುದು ಬಾಗಿಲ ಕೆಳಗೆ ಎರಡು ನೆಲಹಾಸುಗಳು ಸೇರುವ ಜಾಗವನ್ನು ಮುಚ್ಚುವ ಒಂದೂಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ. ಒಂದು ಕಡೆ ಲ್ಯಾಮಿನೇಟ್ (ಫ್ಲ್ಯಾಟ್‌ಗಳಲ್ಲಿ ವುಡನ್ ಫ್ಲೋರಿಂಗ್ ಎಂದು ಹಾಕುವ ಹಲಗೆ), ಇನ್ನೊಂದು ಕಡೆ ಕಾರ್ಪೆಟ್ ಇರುವ ಬಾಗಿಲಲ್ಲಂತೂ ಈ ತಪ್ಪಿಗೆ ದಾರಿ ಹೆಚ್ಚು. ಹೋಮ್ ಥಿಯೇಟರ್ ಕೋಣೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಲ್ಯಾಮಿನೇಟ್ ಹಲಗೆಯನ್ನು ಕೆಳಗಿನ ಟೈಲ್ಸ್‌ಗೆ ಅಂಟಿಸುವುದಿಲ್ಲ, ಮೊಳೆಯನ್ನೂ ಹೊಡೆಯುವುದಿಲ್ಲ. ಎರಡು ಮೂರು ಮಿ.ಮೀ. ಫೋಮ್ ಹಾಸಿ, ಅದರ ಮೇಲೆ ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡು ಇಡೀ ಕೋಣೆಗೆ ಒಂದೇ ಚಾಪೆಯಂತೆ ಮಲಗಿರುತ್ತವೆ. ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ. ಅದಕ್ಕೇ ಸುತ್ತಲೂ 8ರಿಂದ 10 ಮಿ.ಮೀ. ಸಂದು ಬಿಟ್ಟು, ಗೋಡೆ ಬುಡದ ಪಟ್ಟಿಯಾದ ಸ್ಕರ್ಟಿಂಗ್‌ನಿಂದ ಮುಚ್ಚುವುದು. ದೊಡ್ಡ ಕೋಣೆಯಾದರೆ ಮೀಟರಿಗೆ ಒಂದೂವರೆ ಮಿ.ಮೀ. ಲೆಕ್ಕ ಹಿಡಿಯಿರಿ. ಕಾರ್ಪೆಟ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಬಿಗಿಯಾಗಿ ಎಳೆದು ಅಂಚನ್ನು ಹಿಡಿದಿಡದಿದ್ದರೆ ಅದು ಸುಕ್ಕುಗಟ್ಟುತ್ತದೆ. ಹೀಗೆ ಒಂದನ್ನು ಬಿಡಬೇಕು, ಇನ್ನೊಂದನ್ನು ಹಿಡಿಯಬೇಕು. ಎರಡೂ ಆಗಬೇಕಾದ್ದು ಒಂದೇ ಪಟ್ಟಿಯ ಅಡಿಯಲ್ಲಿ.

ಅವಸರದ ಕೆಲಸದಲ್ಲಿ ಪಟ್ಟಿಯನ್ನು ಹಲಗೆಯ ಮೂಲಕವೇ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅಲ್ಲಿಗೆ ಹಲಗೆ ಗೂಟಕ್ಕೆ ಕಟ್ಟಿದ ಹಾಗಾಯಿತು. ಎದುರು ಗೋಡೆಯ ಬದಿ ತುಂಬಿದ ವಾರ್ಡ್‌ರೋಬ್ ಹಲಗೆಯ ಮೇಲೆ ಕೂತಿದ್ದರೆ ಮುಗಿಯಿತು, ಹಿಗ್ಗಿದ್ದು ನಡುವೆಯೇ ಏಳಬೇಕು. ಬೇಸಿಗೆಯಲ್ಲಿ ಅದೇ ಹಲಗೆಗಳ ಲಾಕ್ ಬಿಚ್ಚಿ ಬಿರುಕು ಕಾಣುತ್ತದೆ. ಸಂದಿಗೆ ಸಿಲಿಕೋನ್ ಅಥವಾ ಪುಟ್ಟಿ ತುಂಬುವುದೂ ಇದೇ ಜಾತಿಯ ತಪ್ಪು.

ಸರಿಯಾದ ಪಟ್ಟಿ ಎರಡು ತುಂಡಿನದು: ನೆಲಕ್ಕೆ ಕೂರುವ ಚಾನೆಲ್, ಅದರೊಳಗೆ ಒತ್ತಿ ಕೂರಿಸುವ ಮುಚ್ಚಳ. ಬಾಗಿಲು ಮುಚ್ಚಿದಾಗ ಕದದ ನೇರ ಕೆಳಗೆ ಬರುವಂತೆ ಗೆರೆ ಎಳೆದು, ಚಾನೆಲ್ ಅನ್ನು ಟೈಲ್ಸ್‌ಗೇ ಬಿಗಿಯಬೇಕು. ಫೋಮ್ ಅದರ ಅಡಿಗೆ ಹೋಗಬಾರದು. ಚಾನೆಲ್‌ನ ನಿಂತ ಭಾಗಕ್ಕೂ ಹಲಗೆಯ ತುದಿಗೂ ನಡುವೆ 10 ಮಿ.ಮೀ. ಖಾಲಿ ಇರಲಿ. 44 ಮಿ.ಮೀ. ಅಗಲದ ಮುಚ್ಚಳ ಕೊಂಡರೆ ಆ ಸಂದು ಮುಚ್ಚಿ ಹಲಗೆಯ ಮೇಲೂ ಹತ್ತು ಹನ್ನೆರಡು ಮಿ.ಮೀ. ಚಾಚುತ್ತದೆ. 30 ಮಿ.ಮೀ.ನ ಅಗ್ಗದ್ದು ತಂದರೆ ಬೇಸಿಗೆಯಲ್ಲಿ ಸಂದು ಇಣುಕುತ್ತದೆ. ಬಾಗಿಲ ಚೌಕಟ್ಟಿನ ಬುಡವನ್ನೂ ಮರೆಯಬೇಡಿ. ಹಲಗೆಯ ಒಂದು ತುಂಡನ್ನು ಫೋಮ್ ಮೇಲಿಟ್ಟು, ಅದರ ಮೇಲೆ ಗರಗಸ ಮಲಗಿಸಿ ಚೌಕಟ್ಟನ್ನು ಕೊಯ್ದು, ಹಲಗೆಯನ್ನು ಅದರಡಿ ಸಲೀಸಾಗಿ ತೂರಿಸಬೇಕು. ಹಲಗೆಯನ್ನೇ ಚೌಕಟ್ಟಿನ ಆಕಾರಕ್ಕೆ ಕತ್ತರಿಸಿ ಒತ್ತಿ ಕೂರಿಸಿದರೆ ಅಲ್ಲೂ ಅದು ಸಿಕ್ಕಿಬೀಳುತ್ತದೆ.

ಮೂರಡಿ ಬಾಗಿಲಿಗೆ ಐದು ಸ್ಕ್ರೂ ಸಾಕು. ತುದಿಯಿಂದ 4 ಸೆಂ.ಮೀ. ಬಿಟ್ಟು ಮೊದಲನೆಯದು, ಆಮೇಲೆ 20 ಸೆಂ.ಮೀ.ಗೆ ಒಂದರಂತೆ. ವಿಟ್ರಿಫೈಡ್ ಟೈಲ್ ಆದರೆ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ ನಿಧಾನವಾಗಿ ಟೈಲ್ ದಾಟಿಸಿ. ಹ್ಯಾಮರ್ ಏನಿದ್ದರೂ ಕೆಳಗಿನ ಗಾರೆಗೆ. ಪ್ಲಾಸ್ಟಿಕ್ ಪ್ಲಗ್ ಟೈಲ್‌ಗಿಂತ ಕೆಳಗೆ ಇಳಿದಿರಬೇಕು. ಟೈಲ್‌ನೊಳಗೇ ಉಳಿದರೆ ಸ್ಕ್ರೂ ತಿರುಗಿಸಿದಾಗ ಅದು ಅಗಲವಾಗಿ ಟೈಲ್ ಸೀಳುತ್ತದೆ. ನೆಲದಡಿ ನೀರಿನ ಪೈಪೋ ವೈರಿಂಗ್ ಪೈಪೋ ಹಾದಿದೆ ಎಂಬ ಅನುಮಾನವಿದ್ದರೆ ಡ್ರಿಲ್ ಎತ್ತಲೇಬೇಡಿ. ಪಾಲಿಯುರೆಥೇನ್ ಅಂಟು ಹಚ್ಚಿ, ಭಾರ ಹೇರಿ ಒಂದು ದಿನ ಬಿಟ್ಟರೂ ಚಾನೆಲ್ ನಿಲ್ಲುತ್ತದೆ. ಹೊರಗೆ ಉಕ್ಕಿದ ಅಂಟು ಮಾತ್ರ ಹಲಗೆಗೆ ತಾಗದಂತೆ ಆಗಲೇ ಕೆರೆದು ತೆಗೆಯಿರಿ.

ಕಾರ್ಪೆಟ್ ಬರುವುದು ಇದೆಲ್ಲ ಆದ ಮೇಲೆ. ಎಳೆದು ಹಾಸುವ ದಪ್ಪ ಕಾರ್ಪೆಟ್ ಆದರೆ ಚಾನೆಲ್ ಪಕ್ಕದಲ್ಲಿ ಮುಳ್ಳುಪಟ್ಟಿ (ಕಾರ್ಪೆಟ್ ಅಂಚನ್ನು ಕಚ್ಚಿ ಹಿಡಿಯುವ ಮೊನೆಮೊಳೆಗಳ ಪಟ್ಟಿ) ಹೊಡೆಯಬೇಕು, ಮುಳ್ಳುಗಳು ಬಾಗಿಲ ಕಡೆ ವಾಲಿರಬೇಕು. ಎರಡರ ನಡುವಿನ ಸಂದು ಕಾರ್ಪೆಟ್ ದಪ್ಪದ ಮೂರನೇ ಎರಡು ಭಾಗದಷ್ಟಿದ್ದರೆ ಅಂಚು ಅದರೊಳಗೆ ಬಿಗಿಯಾಗಿ ಕೂರುತ್ತದೆ. ಕಾರ್ಪೆಟ್ ಅಡಿಯ ಮೆತ್ತೆ ಮುಳ್ಳುಪಟ್ಟಿಯವರೆಗೆ ಮಾತ್ರ, ಅದರ ಮೇಲಲ್ಲ. ಎಳೆಗಳು ಕುಣಿಕೆಯಾಗಿರುವ, ಅಂಟಿಸುವ ತೆಳು ಲೂಪ್ ಕಾರ್ಪೆಟ್‌ಗೆ ಮುಳ್ಳುಪಟ್ಟಿ ಬೇಡ, ಆದರೆ ಕತ್ತರಿಸಿದ ಅಂಚಿಗೆ ಲ್ಯಾಟೆಕ್ಸ್ ಹಚ್ಚಲೇಬೇಕು. ಹಚ್ಚದಿದ್ದರೆ ಒಂದು ಎಳೆ ಕಾಲುಂಗುರಕ್ಕೆ ಸಿಕ್ಕಿತೆಂದರೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ.

ಎತ್ತರದ ಲೆಕ್ಕವನ್ನು ಸಾಮಾನು ಕೊಳ್ಳುವ ಮೊದಲೇ ಹಾಕಬೇಕು. 12 ಮಿ.ಮೀ. ಹಲಗೆ, 2 ಮಿ.ಮೀ. ಫೋಮ್ ಸೇರಿ 14. ಅಂಟಿಸುವ ಕಾರ್ಪೆಟ್ 6 ಇದ್ದರೆ ವ್ಯತ್ಯಾಸ 8 ಮಿ.ಮೀ., ಕತ್ತಲೆ ಥಿಯೇಟರ್ ಕೋಣೆಯಲ್ಲಿ ಎಡವಲು ಅಷ್ಟು ಸಾಕು. ಅಲ್ಲಿ ಸಮತಟ್ಟು ಮುಚ್ಚಳ ಒಂದು ಬದಿ ಗಾಳಿಯಲ್ಲಿ ನಿಂತು, ತುಳಿತಕ್ಕೆ ಸಡಿಲವಾಗುತ್ತದೆ. 8 ಮಿ.ಮೀ. ಹಲಗೆ ಆರಿಸಿದರೆ ವ್ಯತ್ಯಾಸ ನಾಲ್ಕಕ್ಕೆ ಇಳಿಯುತ್ತದೆ, ಇಳಿಜಾರು ಮುಚ್ಚಳದಲ್ಲಿ ಅದು ಸರಿಹೋಗುತ್ತದೆ. ದಪ್ಪ ಕಾರ್ಪೆಟ್ ಮತ್ತು ಮೆತ್ತೆಯ ಪಕ್ಕಕ್ಕಾದರೆ 12ರ ಹಲಗೆಯೇ ಹೊಂದುತ್ತದೆ.

ಇನ್ನು ನೀರು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ನಮ್ಮದು, ಕಾರ್ಪೆಟ್‌ಗೆ ಶಾಂಪೂ ಯಂತ್ರ ಬೇರೆ. ಹಲಗೆಯ ಕೊಯ್ದ ತುದಿ ಒಮ್ಮೆ ನೀರು ಕುಡಿದು ದಪ್ಪವಾದರೆ ಒಣಗಿದರೂ ಮೊದಲಿನಂತಾಗುವುದಿಲ್ಲ. ಹಾಸುವ ಮುನ್ನ ಆ ತುದಿಗೆ ಮೇಣ ತಿಕ್ಕಿಸಿ. ಐದು ನಿಮಿಷದ ಕೆಲಸ.

ಕೊಟೇಶನ್‌ಗಳಲ್ಲಿ ಚದರಡಿ ದರ ದೊಡ್ಡದಾಗಿ ಇರುತ್ತದೆ, ಬಾಗಿಲ ಪಟ್ಟಿಯ ಸುದ್ದಿಯೇ ಇರುವುದಿಲ್ಲ. ಅದನ್ನು ಬೇರೆ ಸಾಲಿನಲ್ಲಿ, ಎರಡು ತುಂಡಿನದು ಎಂದು ಬರೆಸಿಕೊಳ್ಳಿ. ಮುಚ್ಚಳ ಒತ್ತುವ ಮೊದಲು ಒಂದು ಪೆನ್ಸಿಲ್ ತಂದು ಹಲಗೆಗೂ ಚಾನೆಲ್‌ಗೂ ನಡುವಿನ ಸಂದಿನ ಉದ್ದಕ್ಕೆ ಮಲಗಿಸಿ. ಬಾಗಿಲ ಉದ್ದಕ್ಕೂ ಎಲ್ಲಿಯೂ ಸಿಕ್ಕಿಕೊಳ್ಳದೆ ಅದು ಕೆಳಗಿಳಿದರೆ ಮುಚ್ಚಲು ಹೇಳಿ.

— ನೆಲಹಾಸು ಕೆಲಸದ ಬಳಗ, ಬೆಂಗಳೂರು